ಮೂರು ಚೀಟಿ, ಮೂರರಲ್ಲೂ ‘ಫಿಟ್’: ತೂಕ ಇಳಿಸುವ ಸರ್ಜರಿಗೆ ಮುನ್ನ ಒಂದು ಪ್ರಕರಣ

ಈ ಮಹಿಳೆಗೆ 44 ವರ್ಷ. ತೂಕ ಇಳಿಸುವ ಸರ್ಜರಿಗೆ ದಿನ ಗೊತ್ತಾಗಿ, ಫೈಲು ನನ್ನ ಟೇಬಲ್ಲಿಗೆ ಬಂದಾಗ ಅದರಲ್ಲಿ ಮೂರು ಚೀಟಿಗಳಿದ್ದವು. ಒಂದು ಹೃದ್ರೋಗ ತಜ್ಞರದು, ಒಂದು ಫಿಸಿಷಿಯನ್ ಬರೆದದ್ದು, ಇನ್ನೊಂದು ಮನೋವೈದ್ಯರದು. ಮೂರರಲ್ಲೂ ಒಂದೇ ಸಾಲು: ‘ಸರ್ಜರಿಗೆ ಫಿಟ್’. ನಾನು ಅರಿವಳಿಕೆ ಕೊಡುವ ಡಾಕ್ಟರ್. ಎಲ್ಲರ ಸಹಿ ಬಿದ್ದ ಮೇಲೆ ಫೈಲು ಬರುವುದು ನನ್ನ ಹತ್ತಿರ. ಮುಂದಿನ ವಾರ ಅಂತ ಇದ್ದ ಆಪರೇಷನ್ ನಡೆದದ್ದು ಸುಮಾರು ಐದು ತಿಂಗಳ ನಂತರ. ಅದೂ ಮೊದಲು ಅಂದುಕೊಂಡಿದ್ದ ಆಪರೇಷನ್ ಅಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದು ಒಬ್ಬರೇ ವ್ಯಕ್ತಿಯ ಕತೆ ಅಲ್ಲ. ಇಂಥ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಬ್ಬರ ಫೈಲಿನೊಳಗೆ ಸೇರಿಸಿ ಬರೆದಿದ್ದೇನೆ.

ಎತ್ತರ 158 ಸೆಂ.ಮೀ., ತೂಕ 112 ಕೆಜಿ. ಎತ್ತರಕ್ಕೆ ತೂಕ ಎಷ್ಟಿದೆ ಅಂತ ತೋರಿಸುವ ಬಿಎಂಐ ಲೆಕ್ಕ ಹಾಕಿದರೆ 44.9. ಅಮೆರಿಕದ ಎನ್‌ಐಎಚ್ ಎಂಬ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ 1991ರಲ್ಲಿ ಹಾಕಿಕೊಟ್ಟ ಗೆರೆಯ ಪ್ರಕಾರ ಬಿಎಂಐ 40 ದಾಟಿದವರಿಗೆ, ಅಥವಾ 35 ದಾಟಿ ಜೊತೆಗೆ ಸಂಬಂಧಪಟ್ಟ ಗಂಭೀರ ಕಾಯಿಲೆ ಇರುವವರಿಗೆ ಈ ಸರ್ಜರಿ ಮಾಡಬಹುದಿತ್ತು. 2022ರಲ್ಲಿ ಎಎಸ್‌ಎಂಬಿಎಸ್ ಮತ್ತು ಐಎಫ್‌ಎಸ್‌ಒ ಎಂಬ, ಈ ಸರ್ಜರಿ ಮಾಡುವವರ ಎರಡು ಸಂಘಟನೆಗಳು ಆ ಗೆರೆಯನ್ನು ಸಡಿಲಿಸಿದವು. 35 ಇದ್ದರೆ ಸಾಕು, ಬೇರೆ ಕಾಯಿಲೆ ಇರಲಿ ಬಿಡಲಿ. ಹಳೇ ಲೆಕ್ಕವೋ ಹೊಸ ಲೆಕ್ಕವೋ, ಈಕೆ ಎರಡರಲ್ಲೂ ಬರುತ್ತಾರೆ. ಸರ್ಜರಿ ಬೇಕಾ ಬೇಡ್ವಾ ಅನ್ನುವುದು ನಮ್ಮಲ್ಲಿ ಯಾರಿಗೂ ಪ್ರಶ್ನೆಯೇ ಆಗಿರಲಿಲ್ಲ. ಯಾವ ಸರ್ಜರಿ, ಯಾವಾಗ, ಅದಕ್ಕೆ ಮುಂಚೆ ಏನೇನು ಸರಿ ಆಗಬೇಕು ಅನ್ನುವುದಷ್ಟೇ ಪ್ರಶ್ನೆ. ಮೂರು ಚೀಟಿಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಅವರಿಗೆ ಏಳು ವರ್ಷದಿಂದ ಶುಗರ್. ಮೆಟ್‌ಫಾರ್ಮಿನ್ ಜೊತೆ ಡಾಪಾಗ್ಲಿಫ್ಲೋಜಿನ್ ತಗೊಳ್ತಿದ್ದರು. ಬಿಪಿಗೆ ಎರಡು ಮಾತ್ರೆ. ಮೊಣಕಾಲು ನೋವು ಜಾಸ್ತಿಯಾದಾಗಲೆಲ್ಲ ಒಂದು ನೋವಿನ ಮಾತ್ರೆ. ಎದೆಯುರಿಗೆ ಅಂಗಡಿಯಿಂದ ತಾವೇ ತಂದುಕೊಂಡ ಗ್ಯಾಸ್ಟ್ರಿಕ್ ಮಾತ್ರೆ. ಇವೆರಡು ಫೈಲಿನಲ್ಲಿ ಎಲ್ಲೂ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಚೀಟಿ ಇಲ್ಲದೆ ತಗೊಳ್ಳುವ ಮಾತ್ರೆಯನ್ನು ಜನ ಔಷಧ ಅಂತ ಲೆಕ್ಕಕ್ಕೇ ಇಡುವುದಿಲ್ಲ.

ಎಲ್ಲರೂ ದಾಟಿಹೋದ ಒಂದು ಅಂಕಿ

ರಕ್ತ ಪರೀಕ್ಷೆಯ ಹಾಳೆಯಲ್ಲಿ ಸೋಡಿಯಂ, ಪೊಟ್ಯಾಸಿಯಂ ಕೆಳಗೆ ಬೈಕಾರ್ಬನೇಟ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿ 31 ಅಂತ ಇತ್ತು. ಸ್ವಲ್ಪ ಜಾಸ್ತಿ ಅಷ್ಟೇ, ಕೆಂಪು ಬಣ್ಣದಲ್ಲೂ ಇರಲಿಲ್ಲ. ಆದರೆ ಇಷ್ಟು ತೂಕದವರಲ್ಲಿ ಆ ಅಂಕಿ 27 ಅಥವಾ ಅದಕ್ಕಿಂತ ಮೇಲಿದ್ದರೆ ಸುಮ್ನೆ ಬಿಡಬಾರದು. ಉಸಿರಾಟ ಸಾಲದೆ ಹೋದಾಗ ಮೈಯಲ್ಲಿ ಕಾರ್ಬನ್ ಡೈಆಕ್ಸೈಡ್ ಉಳಿದುಕೊಳ್ಳುತ್ತದೆ. ಅದರಿಂದ ರಕ್ತಕ್ಕೆ ಹುಳಿ ಏರುತ್ತದೆ. ಸರಿದೂಗಿಸಲು ಮೂತ್ರಪಿಂಡ ಬೈಕಾರ್ಬನೇಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂದರೆ ಈ 31, ಎಷ್ಟೋ ತಿಂಗಳಿಂದ ಉಸಿರು ಸಾಲುತ್ತಿಲ್ಲ ಅನ್ನುವ ಸುಳಿವು ಇರಬಹುದು.

ಪಕ್ಕದಲ್ಲಿ ಕೂತಿದ್ದ ಗಂಡನನ್ನು ನಿದ್ದೆಯ ಬಗ್ಗೆ ಕೇಳಿದೆ.

“ಗೊರಕೆ ಅಂದ್ರೆ ಗೊರಕೆ ಮೇಡಂ. ಅದು ಅಭ್ಯಾಸ ಆಗಿದೆ. ಆದ್ರೆ ಒಮ್ಮೊಮ್ಮೆ ಇದ್ದಕ್ಕಿದ್ದ ಹಾಗೆ ನಿಂತ್ಹೋಗುತ್ತೆ. ಆವಾಗ್ಲೇ ನಂಗೆ ಎಚ್ಚರ ಆಗೋದು.”

ಆಕೆಗೆ ಸಿಟ್ಟು ಬಂತು. “ದಪ್ಪ ಇರೋರೆಲ್ಲ ಗೊರಕೆ ಹೊಡೀತಾರೆ ಡಾಕ್ಟ್ರೇ. ಅದಕ್ಕೂ ಹೊಟ್ಟೆ ಆಪರೇಷನ್‌ಗೂ ಏನ್ ಸಂಬಂಧ?”

ಸಂಬಂಧ ಇದೆ. ನಿದ್ದೆಯಲ್ಲಿ ಗಂಟಲಿನ ದಾರಿ ಮುಚ್ಚಿಕೊಳ್ಳುವವರಿಗೆ ಅರಿವಳಿಕೆಯ ಅಮಲು, ಮೇಲೆ ಮಾರ್ಫಿನ್ ತರಹದ ನೋವಿನ ಔಷಧ ಸೇರಿದರೆ ಆಪರೇಷನ್ ಆದ ರಾತ್ರಿ ಉಸಿರು ನಿಲ್ಲಬಹುದು. ಮಾಮೂಲಿ ನಿದ್ದೆಯಲ್ಲಿ ಉಸಿರು ನಿಂತರೆ ಎಚ್ಚೆತ್ತು ಉಸಿರೆಳೆದುಕೊಳ್ಳುತ್ತಾರೆ. ಆ ಎಚ್ಚರವನ್ನೇ ಈ ಔಷಧಗಳು ಮಂಕು ಮಾಡುತ್ತವೆ. ಸಾಲದ್ದಕ್ಕೆ, ತೂಕ ಜಾಸ್ತಿ ಇರುವವರು ಮಲಗಿದಾಗ ಶ್ವಾಸಕೋಶದಲ್ಲಿ ಆಮ್ಲಜನಕದ ದಾಸ್ತಾನು ಕಡಿಮೆ. ಉಸಿರು ನಿಂತ ಸ್ವಲ್ಪ ಹೊತ್ತಿಗೇ ಪ್ರಮಾಣ ಇಳಿಯತೊಡಗುತ್ತದೆ.

ಸ್ಟಾಪ್-ಬ್ಯಾಂಗ್ ಅಂತ ಎಂಟು ಪ್ರಶ್ನೆಗಳ ಒಂದು ಪಟ್ಟಿ ಇದೆ. ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ಬಿಪಿ, ಬಿಎಂಐ 35ಕ್ಕಿಂತ ಜಾಸ್ತಿ, ವಯಸ್ಸು 50 ದಾಟಿದ್ದು, ಕುತ್ತಿಗೆಯ ಸುತ್ತಳತೆ 40 ಸೆಂ.ಮೀ. ಮೀರಿದ್ದು, ಗಂಡಸಾಗಿರುವುದು. ಈಕೆಯ ಕುತ್ತಿಗೆ 43 ಸೆಂ.ಮೀ. ಎಂಟಕ್ಕೆ ಆರು ಬಂತು. ಐದು ಬಂದರೇ ಅಪಾಯ ಹೆಚ್ಚು ಅಂತ ಲೆಕ್ಕ. ಒಂದು ಟೇಪು, ಎರಡು ನಿಮಿಷ ಇದ್ದರೆ ಆಗುವ ಕೆಲಸ ಇದು. ಮೂವರು ತಜ್ಞರ ಕೋಣೆ ಸುತ್ತಿ ಬಂದರೂ ಆ ಟೇಪು ಅವರ ಕುತ್ತಿಗೆ ಮುಟ್ಟಿರಲಿಲ್ಲ.

ರಾತ್ರಿಯಿಡೀ ನಡೆದ ಸ್ಲೀಪ್ ಸ್ಟಡಿಯಲ್ಲಿ ಗಂಟೆಗೆ ಸರಾಸರಿ 52 ಸಲ ಉಸಿರು ನಿಂತದ್ದು ಅಥವಾ ಕುಗ್ಗಿದ್ದು ದಾಖಲಾಯಿತು. 30 ದಾಟಿದರೆ ತೀವ್ರ. ಆಮ್ಲಜನಕದ ಪ್ರಮಾಣ ಒಮ್ಮೆ 68ಕ್ಕೆ ಇಳಿದಿತ್ತು. ಹಗಲಲ್ಲಿ, ಎಚ್ಚರವಾಗಿದ್ದಾಗ ಅಪಧಮನಿಯಿಂದ ರಕ್ತ ತೆಗೆದು ನೋಡಿದರೆ ಕಾರ್ಬನ್ ಡೈಆಕ್ಸೈಡ್ 51. ಮಿತಿ 45. ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ನಿಲ್ಲುವ ಸ್ಲೀಪ್ ಅಪ್ನಿಯಾ ಒಂದೇ ಅಲ್ಲ, ಸ್ಥೂಲಕಾಯದಿಂದ ಉಸಿರಾಟವೇ ತಗ್ಗಿಹೋಗುವ ತೊಂದರೆಯೂ ಇದೆ.

ಸಿಪ್ಯಾಪ್ ಯಂತ್ರ ಶುರುವಾಯಿತು. ಮಾಸ್ಕಿನ ಮೂಲಕ ಒತ್ತಡದಲ್ಲಿ ಗಾಳಿ ಬಿಟ್ಟು ಗಂಟಲಿನ ದಾರಿಯನ್ನು ತೆರೆದಿಡುವ ಯಂತ್ರ ಅದು. ಮೊದಲ ವಾರ ಆದ ಮೇಲೆ ಕೇಳಿದರೆ “ಹಾಕ್ಕೊಳ್ತಾ ಇದೀನಿ” ಅಂದರು. ಯಂತ್ರದ ಕಾರ್ಡ್ ಬೇರೇನೇ ಹೇಳಿತು: ರಾತ್ರಿಗೆ ಒಂದೂವರೆ ಗಂಟೆ. ಸುಳ್ಳು ಹೇಳಿದರು ಅಂತಲ್ಲ. ಹಾಕಿಕೊಂಡೇ ಮಲಗುತ್ತಿದ್ದರು, ನಿದ್ದೆಗಣ್ಣಲ್ಲಿ ಕಿತ್ತು ಹಾಕುತ್ತಿದ್ದರು. ಬಾಯಿ ತೆರೆದು ಮಲಗುವವರಿಗೆ ಮೂಗಿಗಷ್ಟೇ ಕೂರುವ ಮಾಸ್ಕ್ ಕೊಟ್ಟಿದ್ದರಿಂದ ಗಾಳಿ ಬಾಯಿಂದ ಹೊರಟು ಗಂಟಲು ಒಣಗುತ್ತಿತ್ತು. ಬಾಯಿ-ಮೂಗು ಎರಡನ್ನೂ ಮುಚ್ಚುವ ಮಾಸ್ಕ್ ಕೊಟ್ಟು, ಗಾಳಿಗೆ ತೇವ ಸೇರಿಸುವ ಡಬ್ಬಿ ಜೋಡಿಸಿದ ಮೇಲೆ ಐದು ಗಂಟೆ ದಾಟಿತು. ಸ್ಲೀಪ್ ಸ್ಟಡಿ ಆಯ್ತು, ಯಂತ್ರ ಕೊಟ್ಟೆವು ಅಂತ ಫೈಲಿನಲ್ಲಿ ಗುರುತು ಹಾಕಿ ಮುಂದೆ ಹೋಗಿದ್ದರೆ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಹೃದಯಕ್ಕೆ ಕೇಳಬೇಕಾದ ಪ್ರಶ್ನೆ

ಹೃದ್ರೋಗ ತಜ್ಞರ ಚೀಟಿಯನ್ನು ನಾನು ದೂರುವುದಿಲ್ಲ. ನಮ್ಮ ಕಡೆಯಿಂದ ಹೋಗಿದ್ದ ಪತ್ರದಲ್ಲಿ ‘ಸರ್ಜರಿಗೆ ಕ್ಲಿಯರೆನ್ಸ್ ಕೊಡಿ’ ಅಂತಷ್ಟೇ ಇತ್ತು. ಹಾಗೆ ಕೇಳಿದರೆ ‘ಕೊಟ್ಟಿದೆ’ ಅಂತಲೇ ಉತ್ತರ ಬರುವುದು. ಇಸಿಜಿ ಸರಿ ಇತ್ತು. ಎಕೋದಲ್ಲಿ ಎಡಗಡೆಯ ಪಂಪಿಂಗ್ 60 ಪರ್ಸೆಂಟ್, ಅದೂ ಸರಿ. ಆದರೆ ರಿಪೋರ್ಟಿನ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು: ಚಿತ್ರ ಸ್ಪಷ್ಟವಾಗಿಲ್ಲ, ಬಲಗಡೆಯ ಒತ್ತಡ ಅಳೆಯಲು ಆಗಿಲ್ಲ. ಎದೆಯ ಮೇಲೆ ಕೊಬ್ಬಿನ ಪದರ ದಪ್ಪ ಇದ್ದರೆ ಎಕೋ ಹೀಗಾಗುವುದು ಮಾಮೂಲಿ.

ಈಗ ಪತ್ರ ಬದಲಿಸಿ ಬರೆದೆವು. ‘ಎರಡು ಮಹಡಿ ಮೆಟ್ಟಿಲು ಹತ್ತಲಾರರು. ತಡೆಯುವುದು ಮೊಣಕಾಲೋ, ಉಸಿರೋ, ಹೃದಯವೋ? ತೀವ್ರ ಸ್ಲೀಪ್ ಅಪ್ನಿಯಾ ಇದೆ, ಕಾರ್ಬನ್ ಡೈಆಕ್ಸೈಡ್ 51 ಇದೆ. ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಎಷ್ಟಿದೆ?’

ಈ ಸಲ ಒಂದು ಪುಟದ ಉತ್ತರ ಬಂತು. ಚಿತ್ರ ಸ್ಪಷ್ಟವಾಗಿ ಕಾಣಲು ಕಾಂಟ್ರಾಸ್ಟ್ ಔಷಧ ಕೊಟ್ಟು ಎಕೋ ಮತ್ತೆ ಮಾಡಿದ್ದರು. ಬಲಗಡೆಯ ಒತ್ತಡ 48, ಅಂದರೆ ಏರಿದೆ. ನಿದ್ದೆಯ ತೊಂದರೆಗೆ ಇದು ಹೊಂದುತ್ತದೆ, ಯಂತ್ರ ಬಳಸಿದ ಮೇಲೆ ಮತ್ತೆ ನೋಡೋಣ ಅಂತ ಬರೆದಿದ್ದರು. ಹೃದಯ ಸೋಲುತ್ತಿದೆಯಾ ಅಂತ ತಿಳಿಯಲು ಮಾಡುವ ಬಿಎನ್‌ಪಿ ರಕ್ತ ಪರೀಕ್ಷೆ ನಾರ್ಮಲ್ ಬಂದಿದ್ದರೂ ಅದನ್ನೊಂದೇ ನಂಬಬೇಡಿ, ಸ್ಥೂಲಕಾಯ ಇರುವವರಲ್ಲಿ ಆ ಅಂಕಿ ಸಹಜವಾಗಿಯೇ ಕಡಿಮೆ ಇರುತ್ತದೆ ಅಂತಲೂ ಸೇರಿಸಿದ್ದರು. ಅದೇ ಡಾಕ್ಟರ್, ಅದೇ ರೋಗಿ. ಬದಲಾದದ್ದು ಪ್ರಶ್ನೆ ಮಾತ್ರ. ಮೂರು ತಿಂಗಳ ನಂತರದ ಎಕೋದಲ್ಲಿ ಒತ್ತಡ 38ಕ್ಕೆ ಇಳಿದಿತ್ತು.

ಎಂಡೋಸ್ಕೋಪಿ ಎಲ್ಲವನ್ನೂ ತಿರುಗಿಸಿತು

ಈಕೆಗೆ ಬೇಕಿದ್ದದ್ದು ಸ್ಲೀವ್. ಜಠರದ ದೊಡ್ಡ ಭಾಗ ತೆಗೆದು ಉಳಿದದ್ದನ್ನು ಉದ್ದ ಕೊಳವೆಯಂತೆ ಮಾಡುವ ಆಪರೇಷನ್. ಪರಿಚಯದವರೊಬ್ಬರಿಗೆ ಅದೇ ಆಗಿತ್ತು, ಚೆನ್ನಾಗಿದ್ದರು. ಸರ್ಜನ್ ಕೂಡ ಒಪ್ಪಿದ್ದರು.

ಎದೆಯುರಿ ಮಾತ್ರೆಯ ವಿಷಯ ಗೊತ್ತಾದ ಮೇಲೆ ಎಂಡೋಸ್ಕೋಪಿ ಮಾಡಿಸಿದೆವು. ಎದೆ-ಹೊಟ್ಟೆ ನಡುವಿನ ಸ್ನಾಯುವಿನ ಪರದೆಯಾದ ವಪೆಯ ಕಿಂಡಿಯಿಂದ ಜಠರದ ತುದಿ 4 ಸೆಂ.ಮೀ.ನಷ್ಟು ಎದೆಯೊಳಗೆ ಜಾರಿತ್ತು, ಅಂದರೆ ಹಯಾಟಸ್ ಹರ್ನಿಯಾ. ಅನ್ನನಾಳದ ಕೆಳಭಾಗದಲ್ಲಿ ಆಮ್ಲದಿಂದ ಆದ ಹುಣ್ಣುಗಳಿದ್ದವು. ಎಯಿಂದ ಡಿ ತನಕ ಇರುವ ಲಾಸ್ ಏಂಜಲೀಸ್ ಶ್ರೇಣಿಯಲ್ಲಿ ಸಿ ದರ್ಜೆ. ಜಠರದಲ್ಲಿ ಎಚ್. ಪೈಲೋರಿ ಬ್ಯಾಕ್ಟೀರಿಯಾ ಕೂಡ.

ಸ್ಲೀವ್‌ನ ಕೊಳವೆಯೊಳಗೆ ಒತ್ತಡ ಜಾಸ್ತಿ. ಆಮ್ಲ ಮೇಲೆ ನುಗ್ಗುವುದು ಕೆಲವರಲ್ಲಿ ಹೊಸದಾಗಿ ಶುರುವಾಗುತ್ತದೆ, ಮೊದಲೇ ಇದ್ದವರಲ್ಲಿ ಕೆಡಬಹುದು. ಸಿ ದರ್ಜೆಯ ಹುಣ್ಣು ಇರುವವರಿಗೆ ಸ್ಲೀವ್ ಮಾಡಿದರೆ ತೂಕ ಇಳಿಯಬಹುದು, ಅನ್ನನಾಳ ಹಾಳಾಗಬಹುದು. ಆದ್ದರಿಂದ ರೂ-ಎನ್-ವೈ ಬೈಪಾಸ್ ಕಡೆಗೆ ಮಾತು ಹೊರಳಿತು. ಅದರಲ್ಲಿ ಜಠರದ ಮೇಲ್ತುದಿಯಲ್ಲಿ ಚಿಕ್ಕ ಚೀಲ ಮಾಡಿ ಸಣ್ಣ ಕರುಳನ್ನು ನೇರ ಅದಕ್ಕೆ ಜೋಡಿಸುತ್ತಾರೆ. ಆಮ್ಲದ ಕಾಟಕ್ಕೆ ಅದೇ ಒಳ್ಳೆಯ ಪರಿಹಾರ.

ಎರಡು ದಿನ ಅವರು ನಮ್ಮ ಫೋನ್ ತೆಗೆಯಲಿಲ್ಲ. ಮನಸ್ಸಿನಲ್ಲಿ ಒಂದು ಆಪರೇಷನ್‌ಗೆ ತಯಾರಾಗಿ ಬಂದವರಿಗೆ ಇನ್ನೊಂದು ಮಾಡೋಣ ಅಂದರೆ ಯಾರಿಗಾದರೂ ಬೇಜಾರೇ. ಆಮೇಲೆ ಸರ್ಜನ್ ಎಂಡೋಸ್ಕೋಪಿಯ ಫೋಟೋ ಮುಂದಿಟ್ಟು ಕೂತು ಮಾತಾಡಿದರು. ಆಕೆ ಒಪ್ಪಿದರು.

ಇಲ್ಲಿಂದ ಮುಂದೆ ಹಳೇ ರಿಪೋರ್ಟುಗಳ ಅರ್ಥವೇ ಬದಲಾಯಿತು. ಈ ಪ್ರಕರಣ ಬರೆಯಬೇಕು ಅನ್ನಿಸಿದ್ದೇ ಇದಕ್ಕೆ. ಹಿಮೋಗ್ಲೋಬಿನ್ 10.2, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್ 7 ಅಂತ ಮೊದಲೇ ಗೊತ್ತಿತ್ತು. ‘ಕಬ್ಬಿಣದ ಮಾತ್ರೆ ಕೊಡಿ’ ಅಂತ ಫಿಸಿಷಿಯನ್ ಬರೆದಿದ್ದರು. ಆದರೆ ಬೈಪಾಸ್ ಆದ ಮೇಲೆ ಆಹಾರ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್ ಅನ್ನು ತಪ್ಪಿಸಿ ಹೋಗುತ್ತದೆ. ಕಬ್ಬಿಣ ಮುಖ್ಯವಾಗಿ ಹೀರಿಕೊಳ್ಳುವುದೇ ಅಲ್ಲಿ. ಈಗಲೇ ಖಾಲಿಯಾಗಿರುವವರು ಆಮೇಲೆ ತುಂಬಿಕೊಳ್ಳುವುದು ಕಷ್ಟ. ಜೊತೆಗೆ ಅನ್ನನಾಳದ ಹುಣ್ಣಿಗೆ ಆಮ್ಲ ತಗ್ಗಿಸುವ ಮಾತ್ರೆ ಶುರುವಾಗಿತ್ತು. ಆಮ್ಲ ಕಡಿಮೆಯಾದರೆ ಕಬ್ಬಿಣದ ಮಾತ್ರೆ ಸರಿಯಾಗಿ ಹತ್ತುವುದಿಲ್ಲ. ಹಾಗಾಗಿ ರಕ್ತನಾಳದ ಮೂಲಕವೇ ಕಬ್ಬಿಣ ಕೊಟ್ಟೆವು.

ಬಿ12 ಕೂಡ ಕಡಿಮೆ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತಗೊಂಡವರಲ್ಲಿ ಇದು ಕಾಣುತ್ತದೆ, ಗ್ಯಾಸ್ಟ್ರಿಕ್ ಮಾತ್ರೆಯೂ ಕೈಜೋಡಿಸುತ್ತದೆ, ಬೈಪಾಸ್ ಇನ್ನಷ್ಟು ಕೆಡಿಸುತ್ತದೆ. ಇಂಜೆಕ್ಷನ್ ಶುರು ಮಾಡಿದೆವು. ವಿಟಮಿನ್ ಡಿ 13 ಇತ್ತು, ಅದಕ್ಕೂ ಔಷಧ.

ನೋವಿನ ಮಾತ್ರೆಯ ವಿಷಯ ಇನ್ನೂ ಗಟ್ಟಿ. ಬೈಪಾಸ್‌ನಲ್ಲಿ ಚೀಲ ಮತ್ತು ಕರುಳು ಸೇರುವ ಜಾಗದಲ್ಲಿ ಹುಣ್ಣಾಗುವ ಅಪಾಯ ಇದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಮತ್ತು ಸಿಗರೇಟು ಅದಕ್ಕೆ ಮುಖ್ಯ ಕಾರಣಗಳು. ಸಿಗರೇಟು ಈಕೆಗೆ ಇರಲಿಲ್ಲ. ಮಾತ್ರೆ ಇತ್ತು. ಆಪರೇಷನ್ ಆದ ಮೇಲೆ ನಿಲ್ಲಿಸಿ ಅಂದರೆ ಸಾಲದು, ಮೊಣಕಾಲಿಗೆ ಬೇರೆ ದಾರಿ ಮೊದಲೇ ಹುಡುಕಬೇಕು. ಫಿಸಿಯೋಥೆರಪಿ, ಪ್ಯಾರಸಿಟಮಾಲ್, ಹಚ್ಚುವ ಜೆಲ್ ಅಂತ ಒಂದು ವ್ಯವಸ್ಥೆ ಆಯಿತು. ನೋವು ಪೂರ್ತಿ ಹೋಗಲಿಲ್ಲ, ಆದರೆ ಅಷ್ಟರಲ್ಲೇ ನಿಭಾಯಿಸಬಲ್ಲೆ ಅಂತ ಅವರಿಗೆ ಆಪರೇಷನ್‌ಗೆ ಮುಂಚೆಯೇ ಗೊತ್ತಾಯಿತು.

ಎಚ್. ಪೈಲೋರಿಗೆ 14 ದಿನದ ಔಷಧ. ಹೋಗಿದೆಯಾ ಅಂತ ನೋಡಲು ಆ್ಯಂಟಿಬಯಾಟಿಕ್ ಮುಗಿದು ಕನಿಷ್ಠ ನಾಲ್ಕು ವಾರ ಕಾಯಬೇಕು. ಆಮ್ಲ ತಗ್ಗಿಸುವ ಮಾತ್ರೆಯನ್ನೂ ಎರಡು ವಾರ ನಿಲ್ಲಿಸಬೇಕು, ಇಲ್ಲದಿದ್ದರೆ ಬ್ಯಾಕ್ಟೀರಿಯಾ ಇದ್ದರೂ ಇಲ್ಲ ಅಂತ ಬರಬಹುದು. ಆ ಎರಡು ವಾರ ಅವರು ನಮ್ಮನ್ನು ಚೆನ್ನಾಗಿ ಬೈದುಕೊಂಡರು. ಎದೆಯುರಿಗೆ ಫ್ಯಾಮೊಟಿಡಿನ್ ಕೊಟ್ಟರೂ ಅಷ್ಟಕ್ಕಷ್ಟೇ. ಬೈಪಾಸ್ ಆದ ಮೇಲೆ ಹಿಂದೆ ಉಳಿಯುವ ಜಠರದೊಳಗೆ ಮಾಮೂಲಿ ಎಂಡೋಸ್ಕೋಪ್ ಹೋಗುವುದಿಲ್ಲ. ನೋಡುವುದಿದ್ದರೆ ಈಗಲೇ ನೋಡಬೇಕು.

ಯಾರೂ ಕಳಿಸದ ವಿಭಾಗ

ಫೆರಿಟಿನ್ 7 ಯಾಕಾಯಿತು? ಎಂಡೋಸ್ಕೋಪಿಯಲ್ಲಿ ರಕ್ತ ಸೋರುವಂಥದ್ದೇನೂ ಕಾಣಲಿಲ್ಲ. ಕೇಳಿದಾಗ ಸ್ವಲ್ಪ ಹಿಂಜರಿದೇ ಹೇಳಿದರು: ಎರಡು ವರ್ಷದಿಂದ ಮುಟ್ಟು ಒಂಬತ್ತು-ಹತ್ತು ದಿನ ಹೋಗುತ್ತೆ, ತುಂಬಾ ಹೋಗುತ್ತೆ. ವಯಸ್ಸಾಗ್ತಾ ಬಂತಲ್ವಾ ಅಂತ ಸುಮ್ಮನಿದ್ದರಂತೆ.

ಕೊಬ್ಬಿನ ಅಂಗಾಂಶದಲ್ಲೂ ಈಸ್ಟ್ರೋಜೆನ್ ತಯಾರಾಗುತ್ತದೆ. ಅದು ಸದಾ ಜಾಸ್ತಿ ಇದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ, ಕೆಲವರಲ್ಲಿ ಕ್ಯಾನ್ಸರಿಗೂ ತಿರುಗುತ್ತದೆ. ಸ್ಥೂಲಕಾಯ ಇರುವವರಲ್ಲಿ ಇಂಥ ರಕ್ತಸ್ರಾವ ಕಂಡರೆ 45 ತುಂಬದಿದ್ದರೂ ಬಯಾಪ್ಸಿ ಬೇಕು. ಸ್ತ್ರೀರೋಗ ತಜ್ಞೆ ಮಾಡಿದರು. ಪದರ ದಪ್ಪವಾಗಿತ್ತು, ಕ್ಯಾನ್ಸರಿನತ್ತ ತಿರುಗುವ ಕೋಶಗಳಿರಲಿಲ್ಲ. ಗರ್ಭಕೋಶದೊಳಗೆ ಕೂರುವ, ಹಾರ್ಮೋನ್ ಬಿಡುವ ಗರ್ಭನಿರೋಧಕ ಸಾಧನ ಐಯುಡಿ ಹಾಕಿದರು. ದಪ್ಪವಾದ ಪದರಕ್ಕೆ ಅದೇ ಚಿಕಿತ್ಸೆ, ರಕ್ತಸ್ರಾವ ತಗ್ಗಿಸುತ್ತದೆ, ಕಬ್ಬಿಣ ಉಳಿಯುತ್ತದೆ. ಈ ಸರ್ಜರಿ ಆದ ಮೇಲೆ 12ರಿಂದ 18 ತಿಂಗಳು ಗರ್ಭ ಧರಿಸಬಾರದು ಅನ್ನುತ್ತೇವಲ್ಲ, ಅದಕ್ಕೂ ಆಯಿತು. ಬೈಪಾಸ್ ನಂತರ ಗರ್ಭನಿರೋಧಕ ಮಾತ್ರೆಯ ಮೇಲೆ ಪೂರ್ತಿ ಭರವಸೆ ಇಡಲಾಗದು. ಐಯುಡಿಗೆ ಹೊಟ್ಟೆ-ಕರುಳಿನ ಹಂಗಿಲ್ಲ. ಇಡೀ ಫೈಲಿನಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ನಿರ್ಧಾರ ಇದು.

ಮನೋವೈದ್ಯರ ಎರಡನೇ ಭೇಟಿ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಹೊಟ್ಟೆ ಬಿರಿಯುವಷ್ಟು ತಿಂದು ಆಮೇಲೆ ಕೊರಗುವ ಅಭ್ಯಾಸ, ಮದ್ಯ, ಖಿನ್ನತೆ ಇವೆಲ್ಲ ಬಿಡಿಸಿ ಕೇಳಿದರು. ದೊಡ್ಡದೇನೂ ಸಿಗಲಿಲ್ಲ. ರಾತ್ರಿ ಎದ್ದು ತಿನ್ನುತ್ತಿದ್ದದ್ದು ಸಿಪ್ಯಾಪ್ ಬಂದ ಮೇಲೆ ತಾನಾಗಿ ಕಡಿಮೆಯಾಗಿತ್ತು.

ಮಾಡಿಸದೇ ಬಿಟ್ಟವೂ ಇವೆ. ಕಾರ್ಟಿಸಾಲ್ ಹಾರ್ಮೋನ್ ಹೆಚ್ಚಾಗಿ ತೂಕ ಏರುವ ಕುಶಿಂಗ್ ಕಾಯಿಲೆಗೆ ಪರೀಕ್ಷೆ ಮಾಡಿಸಲಿಲ್ಲ. ಅಗಲವಾದ ನೇರಳೆ ಗೆರೆ, ತೊಡೆ-ತೋಳಿನ ಸ್ನಾಯು ಸೋಲುವುದು, ಸುಲಭವಾಗಿ ಚರ್ಮ ಕಂದುವುದು ಯಾವುದೂ ಇರಲಿಲ್ಲ. ಹೃದಯದ ಸಿಟಿ ಸ್ಕ್ಯಾನ್ ಬೇಡ ಅಂತ ಹೃದ್ರೋಗ ತಜ್ಞರೇ ಹೇಳಿದರು. ಎಲ್ಲ ಪರೀಕ್ಷೆಯನ್ನೂ ಎಲ್ಲರಿಗೂ ಮಾಡಿಸುವುದು ಎಚ್ಚರಿಕೆ ಅಲ್ಲ, ಅದು ಯೋಚನೆ ತಪ್ಪಿಸಿಕೊಳ್ಳುವ ದಾರಿ.

ಕೊನೆಯ ಎರಡು ವಾರ

ಶುಗರ್‌ನ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ತೋರಿಸುವ ಪರೀಕ್ಷೆ) 9.1 ಇದ್ದದ್ದು 7.6ಕ್ಕೆ ಬಂತು. ಸಾಮಾನ್ಯವಾಗಿ 8ರೊಳಗೆ ಬರಲಿ ಅಂತ ಕಾಯುತ್ತೇವೆ. ಎಲ್ಲರಿಗೂ ಖುಷಿ. ಆದರೆ ಕಬ್ಬಿಣದ ಕೊರತೆ ಇರುವಾಗ ಈ ಅಂಕಿ ನಿಜಕ್ಕಿಂತ ಜಾಸ್ತಿ ತೋರಿಸಬಹುದು. ಕಬ್ಬಿಣ ಕೊಟ್ಟ ಮೇಲೆ ಶುಗರ್ ಬದಲಾಗದಿದ್ದರೂ ಅಂಕಿ ಇಳಿಯುತ್ತದೆ. ಹಾಗಾಗಿ ಅವರು ಬೆರಳು ಚುಚ್ಚಿ ಬರೆದಿಟ್ಟ ಪುಸ್ತಕ ತರಿಸಿ ನೋಡಿದೆವು. ಬೆಳಗಿನ ಶುಗರ್ ನಿಜವಾಗಿಯೂ ಇಳಿದಿತ್ತು.

ಆಪರೇಷನ್‌ಗೆ ಮುಂಚೆ ಎರಡು ವಾರ ತುಂಬಾ ಕಡಿಮೆ ಕ್ಯಾಲರಿಯ ಆಹಾರ. ಇದು ತೂಕಕ್ಕಲ್ಲ, ಲಿವರಿಗೆ. ಲಿವರಿನ ಎಡಭಾಗ ಜಠರದ ಮೇಲೆ ಹೊದ್ದುಕೊಂಡಿರುತ್ತದೆ, ಕೊಬ್ಬು ತುಂಬಿದ್ದರೆ ಸರ್ಜನ್‌ಗೆ ದಾರಿಯೇ ಸಿಗುವುದಿಲ್ಲ. ಎರಡು ವಾರದಲ್ಲಿ ಅದು ಗಮನಾರ್ಹವಾಗಿ ಕುಗ್ಗುತ್ತದೆ.

ಇಲ್ಲೊಂದು ಗುಂಡಿ ಇತ್ತು. ಡಾಪಾಗ್ಲಿಫ್ಲೋಜಿನ್ ಅನ್ನು ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಬೇಕು ಅಂತ ನಿಯಮ. ಆದರೆ ಆಹಾರ ಕಡಿತ ಶುರುವಾಗುವುದು ಎರಡು ವಾರ ಮುಂಚೆ. ಹಿಟ್ಟಿನಂಶ ಕಡಿಮೆ ಮಾಡಿ ಈ ಮಾತ್ರೆ ಮುಂದುವರಿಸಿದರೆ ರಕ್ತದಲ್ಲಿ ಕೀಟೋನ್ ಏರಿ ಜೀವಕ್ಕೇ ಕುತ್ತಾಗಬಹುದು. ಶುಗರ್ ಹೆಚ್ಚೇನೂ ಏರಿರುವುದಿಲ್ಲ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಹಾಳೆಯಲ್ಲಿದ್ದ ‘3 ದಿನ’ ಹೊಡೆದು ‘ಡಯಟ್ ಶುರುವಾಗುವ ಮುಂಚೆ’ ಅಂತ ತಿದ್ದಿ ಬರೆದೆವು. ಮೆಟ್‌ಫಾರ್ಮಿನ್‌ನ ನಿಧಾನ ಕರಗುವ ಮಾತ್ರೆಯನ್ನು ಮಾಮೂಲಿ ಮಾತ್ರೆಗೆ ಬದಲಿಸಿದೆವು, ಬೈಪಾಸ್ ನಂತರ ನಿಧಾನ ಕರಗುವಂಥವು ಸರಿಯಾಗಿ ಹತ್ತುವ ಭರವಸೆ ಇಲ್ಲ.

ಆಪರೇಷನ್ ದಿನ ಅವರು ತಮ್ಮ ಸಿಪ್ಯಾಪ್ ಯಂತ್ರವನ್ನೇ ತಂದಿದ್ದರು. ತಲೆ-ಭುಜ ಎತ್ತರಿಸಿ ಮಲಗಿಸಿ ಆಮ್ಲಜನಕ ತುಂಬಿ ಟ್ಯೂಬ್ ಹಾಕಿದೆ, ತೊಂದರೆ ಆಗಲಿಲ್ಲ. ಸರ್ಜನ್ ಹರ್ನಿಯಾ ಹೊಲಿದು ಬೈಪಾಸ್ ಮುಗಿಸಿದರು. ಮಾರ್ಫಿನ್ ಜಾತಿಯ ಔಷಧ ಆದಷ್ಟು ಕಡಿಮೆ ಬಳಸಿ, ಪೂರ್ತಿ ಎಚ್ಚರವಾದ ಮೇಲೆ ಕೂರಿಸಿಕೊಂಡು ಟ್ಯೂಬ್ ತೆಗೆದು, ತಕ್ಷಣ ಸಿಪ್ಯಾಪ್ ಹಾಕಿದೆವು. “ಗಾಳಿಯ ಒತ್ತಡಕ್ಕೆ ಹೊಸ ಜೋಡಣೆ ಸೋರೋದಿಲ್ವಾ ಮೇಡಂ?” ಅಂತ ಕಿರಿಯ ಡಾಕ್ಟರ್ ಕೇಳಿದರು. ಈ ಭಯ ಹಳೆಯದು. ನಡೆದ ಅಧ್ಯಯನಗಳಲ್ಲಿ ಅದರಿಂದ ಸೋರಿಕೆ ಹೆಚ್ಚಿದ್ದು ಕಂಡಿಲ್ಲ.

ಮೂರನೇ ದಿನ ಮನೆಗೆ ಹೋದರು. ಬಿಡುಗಡೆ ಹಾಳೆಯ ಕೊನೆಯಲ್ಲಿ ಬಾಕಿ ಕೆಲಸ ಬರೆದೆವು. ಆರು ತಿಂಗಳಿಗೆ ಗರ್ಭಕೋಶದ ಬಯಾಪ್ಸಿ ಮತ್ತೆ. ಎಕೋ ಮತ್ತೆ. ಫೆರಿಟಿನ್, ಬಿ12, ವಿಟಮಿನ್ ಡಿ, ಪ್ಯಾರಾಥೈರಾಯ್ಡ್ ಹಾರ್ಮೋನ್ ಮೊದಲ ವರ್ಷ ಹಲವು ಸಲ, ಆಮೇಲೆ ವರ್ಷಕ್ಕೊಮ್ಮೆ ಜೀವನಪೂರ್ತಿ. ತೂಕ ಇಳಿದಂತೆ ಬಿಪಿ ಮಾತ್ರೆ ತಗ್ಗಿಸಬೇಕು. ಗೊರಕೆ ನಿಂತಿತು ಅಂತ ಸಿಪ್ಯಾಪ್ ತಾವೇ ಬಿಡಬಾರದು, ಇನ್ನೊಂದು ಸ್ಲೀಪ್ ಸ್ಟಡಿ ಆಗುವ ತನಕ ದಿನಾ ರಾತ್ರಿ ಹಾಕಿಕೊಳ್ಳಬೇಕು. ಆ ಸಾಲಿನ ಕೆಳಗೆ ಗಂಡನ ಸಹಿಯನ್ನೂ ತಗೊಂಡೆವು.